ಕನ್ನಡಿಯಿಲ್ಲದ ಕ್ಯಾಮೆರಾ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ನಾವು ಮೂವತ್ತು ವರ್ಷಗಳಿಗೂ ಮಿಕ್ಕು ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳಿದ್ದೇವೆ. ಆ ಗಾದೆಯೇ ಒಂದು ದಿನ ನಮ್ಮೆದುರಿಗೆ ಪ್ರಶ್ನೆಯಾಗಿ ನಿಲ್ಲುವುದೆಂದು ಮಾತ್ರ ಎಣಿಸಿರಲಿಲ್ಲ. ಕಳೆದ ಮಾಘಮಾಸದಲ್ಲಿ, ಬಹುಕಾಲದಿಂದ ನಮ್ಮ ಕೈಯಲ್ಲಿ ಪಳಗಿದ್ದ ಕನ್ನಡಿಯುಳ್ಳ ಕ್ಯಾಮೆರಾವನ್ನು ಬಿಟ್ಟು, ಕನ್ನಡಿಯಿಲ್ಲದ ಹೊಸ ಬಗೆಯದೊಂದನ್ನು ಕೊಂಡೆವು. ಅಂಗಡಿಗಳಲ್ಲಿ ಇದನ್ನು ‘ಮಿರರ್‌ಲೆಸ್’ ಎನ್ನುತ್ತಾರೆ. ಅದು ಮನೆಗೆ ಬಂದ ಮೊದಲ ಎರಡು ತಿಂಗಳುಗಳಲ್ಲಿ ನಮಗೆ ಕಂಡುದೇನು, ದೊರೆತುದೇನು, ಕಳೆದುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಹಳೆಯದನ್ನು ಬಿಡಬೇಕೆ ಬೇಡವೆ ಎಂದು ಮನಸ್ಸು ತೂಗಾಡುತ್ತಿರುವವರಿಗೆ ಇದರಿಂದ ಸ್ವಲ್ಪವಾದರೂ ಪ್ರಯೋಜನವಾದೀತೆಂದು ನಂಬಿದ್ದೇವೆ.

ಅರುವತ್ತನ್ನು ಮುಟ್ಟಿದವರಿಗೆ ಇಂತಹ ಚಪಲವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿಯೂ ಆ ಪ್ರಶ್ನೆ ಬಂದಿತು. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣದಲ್ಲಿ ಅಡುಗೆಮನೆಯ ಸೂರನ್ನು ಸರಿಮಾಡಿಸುವುದೆಂದು ಮೊದಲೇ ನಿಶ್ಚಯವಾಗಿದ್ದಿತು. ಕ್ಯಾಮೆರಾದ ಮಾತೆತ್ತಿದಾಗ ನಮ್ಮ ಗೃಹಿಣಿಯು, “ಮೂರು ಮಳೆಗಾಲದಿಂದ ಸೂರು ಸೋರುತ್ತಿದೆ. ಅದು ನಿಮ್ಮ ಹಳೆಯ ಕ್ಯಾಮೆರಾಕ್ಕೆ ಕಾಣಲಿಲ್ಲವೆ?” ಎಂದು ಕೇಳಿದಳು. ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಆದರೆ ನಮ್ಮ ಪ್ರಯತ್ನಕ್ಕೆ ಒಂದು ಕಾರಣವಿದ್ದಿತು. ಅದನ್ನು ಮೊದಲು ಹೇಳಿಬಿಡುತ್ತೇವೆ.

ಕಾವೇರಿಯ ದಡದ ನಮ್ಮ ಹುಟ್ಟೂರಿನಲ್ಲಿ ದೊಡ್ಡಪ್ಪನವರ ಮನೆಯ ದೇವರ ಪೆಟ್ಟಿಗೆಯೊಳಗೆ ತಾಳೆಗರಿಯ ಐದು ಕಟ್ಟುಗಳಿದ್ದುವು. ನಮ್ಮ ಹಿರಿಯರೊಬ್ಬರು ಬರೆದುವೆಂದು ಪ್ರತೀತಿ. ದೊಡ್ಡಪ್ಪನವರ ಮಗ, ನಮಗೆ ಅಣ್ಣನಾಗಬೇಕಾದವನು, ಊರು ಬಿಟ್ಟು ಮಗನ ಮನೆಗೆ ಹೋಗಿ ನೆಲೆಸುವವನಿದ್ದನು. ಯುಗಾದಿಯ ಹೊತ್ತಿಗೆ ಮನೆಯನ್ನು ಬಿಟ್ಟುಕೊಡಬೇಕಾಗಿದ್ದಿತು. “ಓದುವವರಿಲ್ಲದ ಗ್ರಂಥ ಮನೆಯಲ್ಲಿ ಹುಳ ಹಿಡಿಯಬಾರದು, ಹೊಳೆಗೆ ಬಿಡುವುದೇ ಕ್ರಮ” ಎಂದು ಅವನ ನಿಶ್ಚಯ. ಜೀರ್ಣವಾದ ಗ್ರಂಥಗಳನ್ನು ನೀರಿಗೆ ಬಿಡುವ ಪದ್ಧತಿ ನಮ್ಮಲ್ಲಿ ಹಳೆಯದೇ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕೊಡೋಣವೆಂದು ನಾವು ಬೇಡಿದೆವು. ಅಲ್ಲಿ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದ ಕಥೆಯನ್ನೂ ಹೇಳಿದೆವು. “ದೇವರ ಪೆಟ್ಟಿಗೆಯಲ್ಲಿದ್ದುದನ್ನು ಹೊರಗಿನವರ ಕೈಗೆ ಕೊಡಲಾರೆ. ಬೇಕಾದರೆ ಚಿತ್ರ ತೆಗೆದುಕೊ” ಎಂದನು. ನಮಗೆ ದೊರೆತ ಅಪ್ಪಣೆ ಅಷ್ಟೇ.

ದಸರೆಯ ರಜೆಯಲ್ಲಿ ಹಳೆಯ ಕ್ಯಾಮೆರಾವನ್ನು ತೆಗೆದುಕೊಂಡು ಹೋಗಿ, ಒಂದು ಕಟ್ಟಿನ ಅರುವತ್ತು ಚಿತ್ರಗಳನ್ನು ತೆಗೆದು ಬಂದೆವು. ಮನೆಯಲ್ಲಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಮೂವತ್ತೆಂಟು ಚಿತ್ರಗಳಲ್ಲಿ ಅಕ್ಷರಗಳು ಮಸುಕಾಗಿದ್ದುವು. ಗರಿಯ ಅಂಚಿನ ನಾರು ಸ್ಪಷ್ಟವಾಗಿದೆ, ಅಕ್ಷರವಿಲ್ಲ. ಕೆಳಗೆ ಹಾಸಿದ ಬಟ್ಟೆಯ ನೂಲನ್ನು ಎಣಿಸಬಹುದು, ಅಕ್ಷರವಿಲ್ಲ. ಎಡಗಣ್ಣಿನ ಪೊರೆಯನ್ನು ತೆಗೆಸಿಯಾಗಿತ್ತು, ಬಲಗಣ್ಣಿನದು ಬಾಕಿಯಿದ್ದಿತು. ಆದರೂ ನಲವತ್ತು ವರ್ಷದ ಅಭ್ಯಾಸದಿಂದ ಕ್ಯಾಮೆರಾದ ಕಿಂಡಿಗೆ ನಾವು ಇಡುತ್ತಿದ್ದುದು ಬಲಗಣ್ಣನ್ನೇ. ತಪ್ಪೆಲ್ಲ ನಮ್ಮ ಕಣ್ಣಿನದೆಂದು ಆ ರಾತ್ರಿ ಬಹಳ ನೊಂದೆವು.

ಮೈಸೂರಿನಲ್ಲಿ ಕ್ಯಾಮೆರಾದ ಅಂಗಡಿಯಿಟ್ಟಿರುವ ನಮ್ಮ ಹಳೆಯ ಶಿಷ್ಯನೊಬ್ಬನಿಗೆ ಈ ಚಿತ್ರಗಳನ್ನು ತೋರಿಸಿದೆವು. ಅವನು ಹತ್ತೆಂಟನ್ನು ನೋಡಿ, “ಮೇಷ್ಟ್ರೇ, ತಪ್ಪು ಅರ್ಧ ನಿಮ್ಮ ಕಣ್ಣಿನದು, ಇನ್ನರ್ಧ ಕನ್ನಡಿಯದು” ಎಂದನು. ಅದರ ಅರ್ಥವೇನೆಂದು ತಿಳಿಯಬೇಕಾದರೆ ಕ್ಯಾಮೆರಾದೊಳಗೆ ಕನ್ನಡಿಗೇನು ಕೆಲಸವೆಂಬುದನ್ನು ನೋಡಬೇಕು.

ಮೂಲದಲ್ಲಿ ಕ್ಯಾಮೆರಾಕ್ಕೆ ಕನ್ನಡಿ ಬೇಕಾಗಿಯೇ ಇಲ್ಲ. ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಒಂದು ಸಣ್ಣ ಕತ್ತಲೆಯ ಕೋಣೆಯನ್ನು ನೋಡಿರಬಹುದು. ಗೋಡೆಯ ಕಿರುರಂಧ್ರದಿಂದ ಬಂದ ಬೆಳಕು ಎದುರುಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಮಸೂರವಿಲ್ಲ, ಕನ್ನಡಿಯಿಲ್ಲ, ರಂಧ್ರ, ಕತ್ತಲೆ, ಗೋಡೆ ಇಷ್ಟೇ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ, ಕ್ಯಾಮೆರಾ ಎಂದರೆ ಇದೇ ಎಂದು ನಾವು ಅಲ್ಲಿ ತೋರಿಸುತ್ತಿದ್ದೆವು. ಕ್ಯಾಮೆರಾ ಎಂಬ ಲ್ಯಾಟಿನ್ ಮಾತಿಗೆ ಕೋಣೆಯೆಂದೇ ಅರ್ಥ.

ಕಷ್ಟವಿದ್ದುದು ನೋಡುವವನಿಗೆ. ಚಿತ್ರ ಬೀಳುವ ಸ್ಥಳದಲ್ಲಿ ಫಿಲ್ಮ್ ಕುಳಿತಿರುವಾಗ, ಏನು ಬೀಳುತ್ತಿದೆಯೆಂದು ಕಣ್ಣಿಟ್ಟು ನೋಡುವುದು ಹೇಗೆ? ಇದಕ್ಕೆ ಉಪಾಯವಾಗಿ ಬಂದದ್ದು ಕನ್ನಡಿ. ಮಸೂರದ ಹಿಂದೆ ೪೫ ಡಿಗ್ರಿ ಓರೆಯಾಗಿ ಒಂದು ಕನ್ನಡಿಯನ್ನು ನಿಲ್ಲಿಸಿ, ಒಳಬಂದ ಬೆಳಕನ್ನು ಮೇಲಕ್ಕೆ ತಿರುಗಿಸಿ ನೋಡುವುದು. ಗುಂಡಿ ಒತ್ತಿದಾಗ ಕನ್ನಡಿಯನ್ನು ಸರಿಸಿ ಬೆಳಕನ್ನು ಫಿಲ್ಮಿಗೆ ಬಿಡುವುದು. ಇಂಗ್ಲೆಂಡಿನ ಥಾಮಸ್ ಸಟನ್ ೧೮೬೧ರಲ್ಲಿಯೇ ಇಂತಹ ಕ್ಯಾಮೆರಾಕ್ಕೆ ಹಕ್ಕುಪತ್ರ ಪಡೆದಿದ್ದನು. ಕನ್ನಡಿಯಲ್ಲಿ ಎಡ ಬಲಗಳು ಅದಲುಬದಲಾಗುವ ತೊಡಕನ್ನು ಐದು ಮುಖದ ಪ್ರಿಸಮ್ ಗಾಜಿನಿಂದ ತಿದ್ದಿ, ಕಣ್ಣಿನ ಮಟ್ಟಕ್ಕೆ ತಂದ ಕಾಂಟಾಕ್ಸ್ ಎಸ್ ಎಂಬುದು ೧೯೪೯ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಿಂದ ಬಂದಿತು. ೧೯೫೯ರಲ್ಲಿ ಜಪಾನಿನ ನಿಕಾನ್ ಎಫ್ ಬಂದ ತರುವಾಯ ವೃತ್ತಿಯ ಛಾಯಾಗ್ರಾಹಕರಲ್ಲಿ ಬಹುಮಂದಿ ಕನ್ನಡಿಯ ಕ್ಯಾಮೆರಾವನ್ನೇ ಹಿಡಿದರು. ಫಿಲ್ಮಿನ ಬದಲು ಸೆನ್ಸರ್ ಎಂಬ ಬೆಳಕಿನ ಫಲಕ ಬಂದ ಮೇಲೆಯೂ ಕನ್ನಡಿ ತನ್ನ ಸ್ಥಾನವನ್ನು ಬಿಡಲಿಲ್ಲ.

ಇನ್ನು ನಮ್ಮ ಶಿಷ್ಯನ ಮಾತು. ಹಳೆಯ ಕ್ಯಾಮೆರಾದಲ್ಲಿ ದೊಡ್ಡ ಕನ್ನಡಿಯ ಹಿಂದೆ ಚಿಕ್ಕ ಕನ್ನಡಿಯೊಂದಿದೆ. ಅದು ಬೆಳಕಿನ ಒಂದು ಪಾಲನ್ನು ಕೆಳಗೆ, ತಳದಲ್ಲಿರುವ ಬೇರೊಂದು ಉಪಕರಣಕ್ಕೆ ಕಳುಹಿಸುತ್ತದೆ. ಫೋಕಸ್ ಸರಿಯೆ ತಪ್ಪೆ ಎಂದು ತೀರ್ಮಾನಿಸುವುದು ಆ ಉಪಕರಣ. ಹೀಗೆ ನಾವು ನೋಡುವುದು ಒಂದು ಕಡೆ, ಫೋಕಸ್ ತೀರ್ಮಾನವಾಗುವುದು ಇನ್ನೊಂದು ಕಡೆ, ಚಿತ್ರ ಬೀಳುವುದು ಮತ್ತೊಂದು ಕಡೆ. ಮೂರು ಕಡೆಗೂ ಬೆಳಕು ನಡೆಯುವ ದಾರಿಯ ಉದ್ದ ಒಂದೇ ಆಗಿರಬೇಕು. ಹದಿನಾರು ವರ್ಷ ಬಳಸಿದ ಯಂತ್ರದಲ್ಲಿ ಆ ಅಳತೆ ಕೂದಲೆಳೆಯಷ್ಟು ತಪ್ಪಿದರೂ, ಗರಿಯ ಸಮೀಪದಲ್ಲಿಟ್ಟು ತೆಗೆದಾಗ ಅಕ್ಷರ ಬಿಟ್ಟು ಬಟ್ಟೆಯ ನೂಲು ಸ್ಪಷ್ಟವಾಗುತ್ತದೆ. ನಮಗಾದುದು ಅದೇ. ದೂರದ ಬೆಟ್ಟವನ್ನೋ ಮದುವೆಯ ಗುಂಪನ್ನೋ ತೆಗೆಯುವಾಗ ಕಾಣದ ತಪ್ಪು ಗರಿಯಲ್ಲಿ ಹೊರಬಿದ್ದಿತು.

ಹೊಸ ಬಗೆಯಲ್ಲಿ ಈ ಮೂರು ಕಡೆಗಳು ಒಂದೇ ಆಗಿವೆ. ಮಸೂರದಿಂದ ಬಂದ ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಫೋಕಸ್ ತೀರ್ಮಾನವಾಗುವುದು ಅಲ್ಲಿಯೇ, ಚಿತ್ರವಾಗುವುದೂ ಅಲ್ಲಿಯೇ. ಅಲ್ಲಿ ಮೂಡಿದುದನ್ನೇ ವಿದ್ಯುತ್ತಿನ ಮೂಲಕ ತಂದು, ಕಿಂಡಿಯೊಳಗಿನ ಉಗುರಗಲದ ಪರದೆಯ ಮೇಲೆ ನಮಗೆ ತೋರಿಸುತ್ತದೆ. ಕನ್ನಡಿಯಿಲ್ಲದಿರುವುದು ಹೊಸತಲ್ಲ; ನಮ್ಮ ತಾತಂದಿರ ಕಾಲದ ಪೆಟ್ಟಿಗೆ ಕ್ಯಾಮೆರಾಕ್ಕೂ ೧೯೨೫ರ ಲೈಕಾಕ್ಕೂ ಕನ್ನಡಿಯಿರಲಿಲ್ಲ. ಹೊಸತೆಂದರೆ, ಚಿತ್ರ ಬೀಳುವ ಸ್ಥಳದಲ್ಲಿಯೇ ನಮ್ಮ ಕಣ್ಣು ಕುಳಿತಂತಾಗಿರುವುದು. ಮಸೂರಗಳನ್ನು ಬದಲಾಯಿಸಬಹುದಾದ ಈ ಪದ್ಧತಿಯನ್ನು ೨೦೦೮ರಲ್ಲಿ ಪ್ಯಾನಸಾನಿಕ್ ಸಂಸ್ಥೆಯ ಜಿ೧ ಎಂಬ ಕ್ಯಾಮೆರಾ ಜನರ ಕೈಗೆ ತಂದಿತು. ಹಳೆಯ ಫಿಲ್ಮಿನಷ್ಟೇ ಅಗಲವಾದ, ಎಂದರೆ ೩೬ ಮಿಲ್ಲಿಮೀಟರು ಉದ್ದ, ೨೪ ಮಿಲ್ಲಿಮೀಟರು ಅಗಲದ ಫಲಕವನ್ನು ಸೋನಿ ಸಂಸ್ಥೆ ೨೦೧೩ರಲ್ಲಿ ಇಂತಹ ಕ್ಯಾಮೆರಾದಲ್ಲಿರಿಸಿತು. ನಿಕಾನ್ ಮತ್ತು ಕ್ಯಾನನ್ ಸಂಸ್ಥೆಗಳು ೨೦೧೮ರಲ್ಲಿ ಅದೇ ದಾರಿ ಹಿಡಿದುವು. ೨೦೨೦ರಿಂದೀಚೆಗೆ ಇವೆರಡೂ ಕನ್ನಡಿಯುಳ್ಳ ಹೊಸ ಮಾದರಿಯನ್ನು ಹೊರತಂದಿಲ್ಲ.

ಶಿಷ್ಯನ ವಿವರಣೆ ಕೇಳಿದ ಮೇಲೆ ಮೂರು ತಿಂಗಳು ಯೋಚಿಸಿದೆವು. ಕಡೆಗೆ ನಮ್ಮ ಗೃಹಿಣಿಯೇ, “ಸೂರು ಇನ್ನೊಂದು ಮಳೆಗಾಲ ತಡೆದೀತು, ಹೊಳೆಗೆ ಬಿಟ್ಟದ್ದು ತಿರುಗಿ ಬಾರದು” ಎಂದು ಅಪ್ಪಣೆ ಕೊಟ್ಟಳು. ಒಂದು ಲಕ್ಷಕ್ಕೆ ಮೇಲೆ ಹದಿನೆಂಟು ಸಾವಿರ ತೆತ್ತು ತಂದೆವು.

ಮೊದಲ ದಿನ ಕೈಗೆ ತೆಗೆದುಕೊಂಡಾಗ ಹಗುರವೆನಿಸಿತು. ಹಳೆಯದು ಸುಮಾರು ೮೫೦ ಗ್ರಾಮು, ಇದು ಸುಮಾರು ೬೫೦. ಆದರೆ ಮಸೂರಗಳು ಹಗುರವಾಗಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡಾಗ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹಗುರವಾಗುವುದೆಂಬ ಒಂದೇ ಆಸೆಯಿಂದ ಹೊಸದನ್ನು ಕೊಳ್ಳುವವರು ಇದನ್ನು ನೆನಪಿನಲ್ಲಿಡುವುದು ಮೇಲು.

ಕಿಂಡಿಗೆ ಕಣ್ಣಿಟ್ಟಾಗಲೇ ನಮಗೆ ಮೊದಲ ಆಶ್ಚರ್ಯ. ಅದು ಸಂಜೆಯ ಹೊತ್ತು. ತುಳಸಿಕಟ್ಟೆಯ ಮುಂದೆ ದೀಪ ಹಚ್ಚಿದ್ದರು. ಕಿಂಡಿಯೊಳಗೆ ಅಂಗಳವೆಲ್ಲ ಬೆಳಗಿ, ಗಿಡದ ಎಲೆಯೆಲೆಯೂ ಕಾಣುತ್ತಿದ್ದಿತು. ತಲೆಯೆತ್ತಿ ನೋಡಿದರೆ ಕತ್ತಲಾಗಿಹೋಗಿದೆ! ಲೋಕದಲ್ಲಿ ಕತ್ತಲೆ, ಕಿಂಡಿಯಲ್ಲಿ ಬೆಳಕು. ಯಂತ್ರವು ತನಗೆ ದೊರೆತ ಅಲ್ಪ ಬೆಳಕನ್ನು ಹೆಚ್ಚಿಸಿ ತೋರಿಸುತ್ತಿದ್ದಿತು. ಹಳೆಯ ಕಿಂಡಿಯಲ್ಲಿ ಕಂಡುದು ದೀಪದ ಬೆಳಕೇ. ಗಾಜು ಕನ್ನಡಿಗಳನ್ನು ದಾಟಿ ಬಂದರೂ ಅದು ದೀಪದಿಂದಲೇ ಹೊರಟು ನಮ್ಮ ಕಣ್ಣನ್ನು ಸೇರಿದ ಬೆಳಕು. ಹೊಸ ಕಿಂಡಿಯಲ್ಲಿ ಕಾಣುವುದು ದೀಪವಲ್ಲ, ದೀಪದ ಚಿತ್ರ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬಿಂಬವನ್ನು ಬಿಟ್ಟು ಪ್ರತಿಬಿಂಬವನ್ನು ನೋಡಿದಂತೆ. ಕನ್ನಡಿ ಹೋಯಿತು, ಪ್ರತಿಬಿಂಬ ಉಳಿಯಿತು! ಮೊದಲ ವಾರವೆಲ್ಲ ಈ ವಿಚಾರ ನಮ್ಮನ್ನು ಬಾಧಿಸಿತು. ಹಳೆಯ ಸ್ನೇಹಿತನ ಮಾತನ್ನು ಎದುರಿಗೆ ಕುಳಿತು ಕೇಳುತ್ತಿದ್ದವರು ಇನ್ನು ಮೇಲೆ ಟೆಲಿಫೋನಿನಲ್ಲಿ ಕೇಳಬೇಕೆಂದಂತಾಯಿತು.

ಆದರೆ ಇದಕ್ಕೊಂದು ಮರುಮಾತಿದೆ. ಚಿತ್ರ ಹೇಗೆ ಬರುವುದೋ ಹಾಗೆಯೇ ಅದು ಮೊದಲೇ ಕಾಣುತ್ತದೆ. ಬೆಳಕು ಹೆಚ್ಚಾಯಿತೆ ಕಡಿಮೆಯಾಯಿತೆ ಎಂಬ ಊಹೆ ಬೇಡ. ಹಳೆಯ ಕ್ಯಾಮೆರಾದಲ್ಲಿ ಇನ್ನೊಂದು ವಿಚಿತ್ರವಿದ್ದಿತು. ಅಷ್ಟು ವರ್ಷ ಬಳಸಿಯೂ ನಾವು ಅದನ್ನು ಗಮನಿಸಿರಲಿಲ್ಲ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು ಕಿಂಡಿ ಕಪ್ಪಾಗುತ್ತಿದ್ದಿತು. ಎಂದರೆ, ಚಿತ್ರಕ್ಕೆ ಸಿಕ್ಕಿದ ಆ ಒಂದು ಕ್ಷಣವನ್ನು ಮಾತ್ರ ತೆಗೆದವನು ಕಣ್ಣಾರೆ ಕಂಡಿಲ್ಲ. ನೇರ ನೋಟವೆಂದು ನಾವು ಹೆಮ್ಮೆಪಟ್ಟುಕೊಂಡಿದ್ದುದರಲ್ಲಿಯೂ ಕುರುಡಿದ್ದಿತು. ಕನ್ನಡಿಗೆ ಸಂಸ್ಕೃತದಲ್ಲಿ ದರ್ಪಣವೆಂದು ಹೆಸರು. ದರ್ಪವನ್ನುಂಟುಮಾಡುವುದೆಂದು ಅದರ ವ್ಯುತ್ಪತ್ತಿ. ಕ್ಯಾಮೆರಾದೊಳಗಿನ ದರ್ಪಣವೂ ನಮ್ಮಲ್ಲಿ ಸ್ವಲ್ಪ ದರ್ಪವನ್ನು ಬೆಳೆಸಿದ್ದಿರಬಹುದು.

ಎರಡನೆಯ ಆಶ್ಚರ್ಯ ಮೌನ. ಕನ್ನಡಿಯಿಲ್ಲದುದರಿಂದ ‘ಕಟಕ್’ ಎಂಬ ಶಬ್ದವಿಲ್ಲ. ಬೇಕಾದರೆ ಷಟರಿನ ತೆರೆಯೂ ಅಲುಗದಂತೆ, ವಿದ್ಯುತ್ತಿನಿಂದಲೇ ಚಿತ್ರ ತೆಗೆಯುವ ಏರ್ಪಾಡಿದೆ. ಆಗ ಉಸಿರಿನಷ್ಟೂ ಸದ್ದಾಗದು. ಒಂದು ಮಧ್ಯಾಹ್ನ ನಮ್ಮ ಗೃಹಿಣಿಯು ಹಜಾರದಲ್ಲಿ ಕುಳಿತು ಹೂ ಕಟ್ಟುತ್ತಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ನಾವು ತೆಗೆದ ಅವಳ ಚಿತ್ರಗಳೆಲ್ಲದರಲ್ಲಿಯೂ ಸೆರಗು ಸರಿಮಾಡಿಕೊಂಡು ಬಿಗಿದು ನಿಂತ ಒಂದೇ ಮುಖ. ಆ ದಿನ ಸದ್ದಿಲ್ಲದೆ ನಾಲ್ಕು ಚಿತ್ರ ತೆಗೆದೆವು. ಬಾಯಲ್ಲಿ ನಾರು ಕಚ್ಚಿಕೊಂಡು, ಏನನ್ನೋ ನೆನೆದು ಸಣ್ಣಗೆ ನಗುತ್ತಿರುವ ಮುಖ ಬಂದಿದ್ದಿತು. ತೋರಿಸಿದೆವು. ಬಹಳ ಹೊತ್ತು ನೋಡಿದಳು. “ನಾನು ನಮ್ಮಮ್ಮನ ಹಾಗೆಯೇ ಆಗಿದ್ದೇನೆ. ಯಾರೂ ಹೇಳಲೇ ಇಲ್ಲ” ಎಂದಳು. ಆಮೇಲೆ ಎದ್ದು ಹೋಗುತ್ತ, “ಚೆನ್ನಾಗಿದೆ. ಆದರೆ ಇನ್ನು ಮೇಲೆ ಹೇಳದೆ ತೆಗೆಯಬೇಡಿ” ಎಂದಳು. ಆ ಮಾತು ನ್ಯಾಯವಾದುದು. ಶಬ್ದವೆಂಬುದು ಎದುರಿನವರಿಗೆ ಒಂದು ಎಚ್ಚರಿಕೆಯಾಗಿದ್ದಿತು. ಅದು ಇಲ್ಲವಾದ ಮೇಲೆ ಎಚ್ಚರಿಸುವ ಹೊಣೆ ತೆಗೆಯುವವನ ಮೇಲೆ ಬಿದ್ದಿದೆ. ಅಂದಿನಿಂದ, ಪೂಜೆ ಪಾರಾಯಣಗಳು ನಡೆಯುವ ಕಡೆ ಮಾತ್ರ ಮೌನದ ಏರ್ಪಾಡನ್ನು ಬಳಸುವುದೆಂದೂ, ಅಲ್ಲಿಯೂ ಮುಂಚಿತವಾಗಿ ತಿಳಿಸುವುದೆಂದೂ ನಿಯಮ ಮಾಡಿಕೊಂಡಿದ್ದೇವೆ.

ಈ ಮೌನಕ್ಕೆ ಬೇರೊಂದು ಬೆಲೆಯನ್ನೂ ತೆತ್ತೆವು. ಫಾಲ್ಗುಣದಲ್ಲಿ ನಮ್ಮ ಬಂಧುಗಳ ಮನೆಯ ಉಪನಯನ. ಮಂತ್ರೋಪದೇಶಕ್ಕೆ ಭಂಗ ಬಾರದಿರಲೆಂದು ಸದ್ದಿಲ್ಲದೆ ನೂರಾರು ಚಿತ್ರ ತೆಗೆದೆವು. ಮನೆಗೆ ಬಂದು ನೋಡಿದರೆ ವಟುವಿನ ಮೇಲೂ ತಂದೆತಾಯಿಗಳ ಮೇಲೂ ಅಡ್ಡಡ್ಡಲಾಗಿ ಕಪ್ಪು ಪಟ್ಟೆಗಳು! ಕಾರಣ ಇಷ್ಟೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಯದು; ಅದರಿಂದ ಕೆಲವು ಎಲ್.ಇ.ಡಿ. ದೀಪಗಳು ಸೆಕೆಂಡಿಗೆ ೧೦೦ ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು. ಸದ್ದಿಲ್ಲದ ಏರ್ಪಾಡಿನಲ್ಲಿ ಬಹುಪಾಲು ಕ್ಯಾಮೆರಾಗಳು ಸೆನ್ಸರನ್ನು ಒಂದೇ ಸಲಕ್ಕೆ ಓದದೆ, ನಾವು ಪುಟವನ್ನು ಓದುವಂತೆ ಸಾಲು ಸಾಲಾಗಿ ಓದುತ್ತವೆ. ಒಂದು ಸಾಲನ್ನು ಓದುವಾಗ ದೀಪ ಪ್ರಕಾಶವಾಗಿದ್ದು ಇನ್ನೊಂದನ್ನು ಓದುವಾಗ ಮಂಕಾಗಿದ್ದರೆ ಪಟ್ಟೆ ಬೀಳುತ್ತದೆ. ಅಂತಹ ದೀಪಗಳ ಕೆಳಗೆ ಸಾಮಾನ್ಯ ಷಟರನ್ನೇ ಬಳಸಿ, ಸೆಕೆಂಡಿನ ೫೦ರಲ್ಲೊಂದು ಅಥವಾ ೧೦೦ರಲ್ಲೊಂದು ಭಾಗದ ವೇಗವನ್ನಿಟ್ಟರೆ ಈ ತೊಂದರೆಯಿಲ್ಲ. ವಟುವಿನ ತಾಯಿಗೆ ಕ್ಷಮೆ ಬೇಡಿದೆವು. ಕೊನೆಯಲ್ಲಿ ಸಾಮಾನ್ಯ ಷಟರಿನಿಂದ ತೆಗೆದ ಭಿಕ್ಷಾಟನದ ಚಿತ್ರಗಳು ಮಾತ್ರ ಅವರಿಗೆ ದಕ್ಕಿದುವು. ಸಮಾರಂಭಕ್ಕೆ ಮುನ್ನ ಆ ಸ್ಥಳದ ದೀಪದಲ್ಲಿ ಒಂದೆರಡು ಚಿತ್ರ ತೆಗೆದು ಪರೀಕ್ಷಿಸಬೇಕೆಂಬ ಪಾಠ ನಮಗಾಯಿತು.

ಇನ್ನೆರಡು ಕೊರತೆಗಳನ್ನು ಹೇಳಿ ಮುಂದುವರಿಯುತ್ತೇವೆ. ಕಿಂಡಿಯ ಪರದೆಯೂ ಸೆನ್ಸರೂ ನೋಡುತ್ತಿರುವಷ್ಟು ಹೊತ್ತೂ ದುಡಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ಹಳೆಯದರಲ್ಲಿ ಒಮ್ಮೆ ತುಂಬಿದರೆ ಸಾವಿರ ಚಿತ್ರಗಳಾಗುತ್ತಿದ್ದುವು, ಇದರಲ್ಲಿ ಸುಮಾರು ೩೫೦. ಎರಡನೆಯ ಬ್ಯಾಟರಿಯನ್ನು ಕ್ಯಾಮೆರಾದ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕತಕ್ಕದ್ದು. ಮತ್ತೊಂದು, ಧೂಳು. ಮಸೂರವನ್ನು ಕಳಚಿದಾಗ ಹಳೆಯದರಲ್ಲಿ ಕನ್ನಡಿಯೂ ಷಟರೂ ಸೆನ್ಸರಿಗೆ ಅಡ್ಡವಾಗಿರುತ್ತಿದ್ದುವು. ಹೊಸ ಬಗೆಯ ಅನೇಕ ಕ್ಯಾಮೆರಾಗಳಲ್ಲಿ, ನಮ್ಮದರಲ್ಲಿಯೂ, ಅದು ಬರಿದಾಗಿ ಎದುರಿಗೆ ಕಾಣುತ್ತದೆ. ಗಾಳಿಯಲ್ಲಿ ನಿಂತು ಬದಲಾಯಿಸದೆ, ಬಾಯನ್ನು ಕೆಳಮುಖವಾಗಿ ಹಿಡಿದು ಬೇಗನೆ ಬದಲಾಯಿಸುವುದು ಒಳ್ಳೆಯದು.

ಕೊರತೆಗಳ ನಡುವೆ ನಮಗೆ ಹೆಚ್ಚು ಸಂತೋಷ ಕೊಟ್ಟುದು ಒಂದು ಹಳೆಯ ವಸ್ತುವಿನ ಪುನರ್ಜನ್ಮ. ೧೯೮೯ರಲ್ಲಿ, ಮೊದಲ ಸಂಬಳದ ಬಾಕಿ ಬಂದಾಗ ಕೊಂಡ ಫಿಲ್ಮ್ ಕ್ಯಾಮೆರಾದ ಸಮೀಪದರ್ಶಕ ಮಸೂರವೊಂದು ನಮ್ಮಲ್ಲಿದ್ದಿತು. ಅದರ ಬಳೆಯನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಕಣ್ಣು ಮಬ್ಬಾದ ಮೇಲೆ ಅದು ಪೆಟ್ಟಿಗೆ ಸೇರಿದ್ದಿತು. ಕನ್ನಡಿ ಮೇಲೆ ಕೆಳಗೆ ಆಡುವುದಕ್ಕೆ ಸ್ಥಳ ಬೇಕಾದುದರಿಂದ ಹಳೆಯ ಕ್ಯಾಮೆರಾಗಳಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಬಹಳ ಅಂತರವಿಡುತ್ತಿದ್ದರು. ದೃಷ್ಟಾಂತಕ್ಕೆ, ನಿಕಾನ್ ಸಂಸ್ಥೆಯ ಹಳೆಯ ಪದ್ಧತಿಯಲ್ಲಿ ಮಸೂರ ಕೂಡುವ ಬಳೆಯಿಂದ ಫಿಲ್ಮಿಗೆ ೪೬.೫ ಮಿಲ್ಲಿಮೀಟರು, ೨೦೧೮ರ ಹೊಸ ಪದ್ಧತಿಯಲ್ಲಿ ಬಳೆಯಿಂದ ಸೆನ್ಸರಿಗೆ ೧೬ ಮಾತ್ರ. ಉಳಿದ ೩೦.೫ ಮಿಲ್ಲಿಮೀಟರನ್ನು ಒಂದು ಟೊಳ್ಳು ಬಳೆಯಿಂದ ತುಂಬಿದರೆ ಹಳೆಯ ಮಸೂರ ಹೊಸ ಕ್ಯಾಮೆರಾದಲ್ಲಿ ತನ್ನ ಸ್ಥಾನದಲ್ಲಿಯೇ ಕುಳಿತಂತಾಗುತ್ತದೆ. ಹೊಸ ಮಸೂರವನ್ನು ಹಳೆಯ ಕ್ಯಾಮೆರಾಕ್ಕೆ ಹೀಗೆ ಹೊಂದಿಸಲಾಗದು. ಕೂಡಿಸಬಹುದು, ಕಳೆಯುವುದಕ್ಕೆ ಸ್ಥಳವಿಲ್ಲ. ಹಳೆಯದು ಹೊಸದರೊಳಗೆ ಹಿಡಿಯುತ್ತದೆ, ಹೊಸದು ಹಳೆಯದರೊಳಗೆ ಹಿಡಿಯದು. ಮಕ್ಕಳ ಮನೆಗೆ ಹೋಗಿ ನೆಲೆಸುವ ನಮ್ಮ ವಯಸ್ಸಿನವರಿಗೆ ಈ ಲೆಕ್ಕದಲ್ಲಿ ಸ್ವಲ್ಪ ಸಮಾಧಾನವಿದೆ.

ಯುಗಾದಿಗೆ ಎಂಟು ದಿನ ಮುಂಚೆ ಊರಿಗೆ ಹೋದೆವು. ತೊಟ್ಟಿಯಲ್ಲಿ ಮಣೆ ಹಾಕಿ, ಬಿಳಿಯ ಬಟ್ಟೆ ಹಾಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೆಳಮುಖವಾಗಿ ನಿಲ್ಲಿಸಿದೆವು. ಒಟ್ಟು ೨೧೨ ಗರಿಗಳು, ಎರಡು ಪಾರ್ಶ್ವಗಳಿಂದ ೪೨೪ ಚಿತ್ರ. ಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿ ತೀಡಿರುತ್ತಾರೆ. ಇವುಗಳಲ್ಲಿ ಬಹುಪಾಲು ಮಸಿ ಅಳಿದುಹೋಗಿದ್ದಿತು. ಹೊಸದಾಗಿ ಮಸಿ ಹಚ್ಚಲು ನಮಗೆ ಧೈರ್ಯವಾಗಲಿಲ್ಲ, ಅದು ಬಲ್ಲವರ ಕೆಲಸ. ಟಾರ್ಚನ್ನು ಪಕ್ಕದಿಂದ ತಗ್ಗಾಗಿ ಹಿಡಿದರೆ ಕೊರೆದ ಗೆರೆಯ ನೆರಳಿನಿಂದಲೇ ಅಕ್ಷರ ಮೂಡುತ್ತದೆ. ಕಿಂಡಿಗೆ ಕಣ್ಣಿಟ್ಟು ಗುಂಡಿಯೊಂದನ್ನು ಒತ್ತಿದೊಡನೆ ಒಂದೇ ಅಕ್ಷರ ಕಣ್ಣು ತುಂಬ ದೊಡ್ಡದಾಗಿ ನಿಂತಿತು. ಬಳೆಯನ್ನು ತಿರುಗಿಸುತ್ತ ಹೋದಂತೆ, ಸ್ಪಷ್ಟವಾದ ಅಂಚುಗಳಿಗೆಲ್ಲ ಯಂತ್ರವೇ ಕೆಂಪುಗೆರೆ ಎಳೆದು ತೋರಿಸಿತು. ನಮ್ಮ ಮಬ್ಬು ಬಲಗಣ್ಣಿಗೂ ಅದು ಕಂಡಿತು! ಹಳೆಯ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿಯೂ ಹೀಗೆ ದೊಡ್ಡದು ಮಾಡಿ ನೋಡಬಹುದಾಗಿತ್ತು, ಆಗ ಅದೂ ಕನ್ನಡಿಯನ್ನು ಎತ್ತಿಯೇ ನೋಡುತ್ತಿದ್ದಿತು. ಆದರೆ ತೊಟ್ಟಿಯ ಬಿಸಿಲಿನಲ್ಲಿ ಹಿಂಬದಿಯ ಪರದೆ ನಮಗೆ ಕಂಡಿರಲಿಲ್ಲ. ಕನ್ನಡಿ ಏಳುವ ಅದಿರುವಿಕೆ ಇಲ್ಲದುದರಿಂದ ಸೆಕೆಂಡಿನ ೧೫ರಲ್ಲೊಂದು ಭಾಗದಷ್ಟು ನಿಧಾನದಲ್ಲಿಯೂ ಅಕ್ಷರ ಕದಲಲಿಲ್ಲ. ಎರಡು ದಿನದಲ್ಲಿ, ಎರಡು ಬ್ಯಾಟರಿಗಳನ್ನು ಸರದಿಯಲ್ಲಿ ತುಂಬಿ, ಕೆಲಸ ಮುಗಿಸಿದೆವು.

ಗ್ರಂಥ ಅಪೂರ್ವವಾದುದೇನೂ ಅಲ್ಲ. ಅಮರಕೋಶಕ್ಕೆ ಕನ್ನಡ ಟೀಕೆ. ನಾಡಿನ ಎಷ್ಟೋ ಮನೆಗಳಲ್ಲಿದ್ದಂತಹುದು. ಆದರೆ ಕೊನೆಯ ಗರಿಯ ಹಿಂಬದಿಯಲ್ಲಿ, ಬರಿಗಣ್ಣಿಗೆ ಖಾಲಿಯೆಂದು ತೋರಿದಲ್ಲಿ, ಟಾರ್ಚಿನ ಓರೆ ಬೆಳಕಿಗೆ ಮೂರು ಸಾಲು ಎದ್ದುವು. ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬೆನ್ನು ಬಾಗಿತೆಂದೂ ದೃಷ್ಟಿ ಮಂದವಾಯಿತೆಂದೂ ಹೇಳಿಕೊಂಡು, ಕಷ್ಟದಿಂದ ಬರೆದುದನ್ನು ಜೋಪಾನ ಮಾಡಿರೆಂದು ಬೇಡುವುದು ಹಳೆಯ ಸಂಪ್ರದಾಯ. ನಮ್ಮ ಹಿರಿಯರೂ ಅದನ್ನೇ ಹೇಳಿದ್ದರು. ಕೊನೆಗೆ ತಮ್ಮ ಹೆಸರನ್ನೂ, ತಂದೆಯ ಹೆಸರನ್ನೂ, ಊರನ್ನೂ ಬರೆದಿದ್ದರು. ಅಣ್ಣನನ್ನು ಕರೆದು ಕಿಂಡಿಯಲ್ಲಿ ನೋಡೆಂದೆವು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದನು. ಹೆಸರು ಬಂದಾಗ ನಿಲ್ಲಿಸಿದನು. ಅದು ಅವನ ಹೆಸರೇ. ತಾತನಿಂದ ಮೊಮ್ಮಗನಿಗೆ ಇಳಿದು ಬಂದುದು. ಸ್ವಲ್ಪ ಹೊತ್ತಿನ ಮೇಲೆ, “ಜೋಪಾನ ಮಾಡಿ ಎಂದಿದ್ದಾರಲ್ಲ, ಹೊಳೆಗೆ ಹೇಗೆ ಬಿಡಲಿ? ಮೈಸೂರಿನಲ್ಲಿ ಯಾರನ್ನು ಕಾಣಬೇಕು ಹೇಳು” ಎಂದನು.

ಸಂಸ್ಕೃತದಲ್ಲಿ ಕನ್ನಡಿಗೆ ಆದರ್ಶವೆಂದು ಇನ್ನೊಂದು ಹೆಸರುಂಟು. ಯಾವ ಮೂಲಪ್ರತಿಯನ್ನು ನೋಡಿಕೊಂಡು ನಕಲು ಮಾಡುತ್ತಾರೆಯೋ ಆ ಪ್ರತಿಗೂ ಆದರ್ಶವೆಂದೇ ಹೆಸರು. ಕ್ಯಾಮೆರಾದೊಳಗಿನ ಆದರ್ಶ ಹೋದುದಕ್ಕೆ ನಮಗೀಗ ಹೆಚ್ಚು ವ್ಯಥೆಯಿಲ್ಲ. 'ಆದರ್ಶ'ವಾದ ಆ ಗರಿಗಳು ಉಳಿದುವು. ನಕಲು ಮಾಡುವುದಕ್ಕೆ, ಸಮೀಪದ ವಸ್ತುವನ್ನು ನಿಖರವಾಗಿ ತೆಗೆಯುವುದಕ್ಕೆ, ದೃಷ್ಟಿ ಕುಂದಿದವರಿಗೆ ಈ ಹೊಸ ಕ್ಯಾಮೆರಾ ದೊಡ್ಡ ಉಪಕಾರಿ. ಹಳೆಯದು ಚೆನ್ನಾಗಿ ನಡೆಯುತ್ತಿದ್ದು, ಮಕ್ಕಳ ಚಿತ್ರ, ಪ್ರವಾಸದ ಚಿತ್ರಗಳಿಗೆ ಸಾಕಾಗಿದ್ದರೆ, ಆತುರಪಟ್ಟು ಬದಲಾಯಿಸಬೇಕಾದ ಕಾರಣ ನಮಗೆ ತೋರದು. ಬದಲಾಯಿಸಿದವರು ಮಾತ್ರ ಕಿಂಡಿಯಿಂದ ಆಗಾಗ ತಲೆಯೆತ್ತಿ ನೋಡುವ ಅಭ್ಯಾಸವನ್ನಿಟ್ಟುಕೊಳ್ಳಲಿ. ಚಿತ್ರ ಹೇಗೆ ಬರುವುದೆಂದು ಕಿಂಡಿ ಹೇಳುತ್ತದೆ. ಅಂಗಳದಲ್ಲಿ ಕತ್ತಲಾಯಿತೆಂದು ಅದು ಹೇಳದು.

ನಮ್ಮ ಹಳೆಯ ಕ್ಯಾಮೆರಾವನ್ನು ಅಣ್ಣನ ಮೊಮ್ಮಗಳಿಗೆ ಕೊಟ್ಟೆವು. ‘ಕಟಕ್’ ಎಂಬ ಸದ್ದು ಅವಳಿಗೆ ಬಹಳ ಇಷ್ಟವಾಗಿದೆಯಂತೆ. ಅಡುಗೆಮನೆಯ ಸೂರಿನ ಕೆಲಸ ಮುಂದಿನ ತಿಂಗಳು ಪ್ರಾರಂಭವಾಗಬೇಕು. ಅದರ ಚಿತ್ರವನ್ನು ಕೆಲಸಕ್ಕೆ ಮೊದಲೂ ಆಮೇಲೂ ತೆಗೆಯತಕ್ಕದ್ದೆಂದು ನಮಗೆ ಅಪ್ಪಣೆಯಾಗಿದೆ.